ಚರಂಡಿ ಒಂದು ಮಳೆಗಾಲ ದಾಟಿತು: ನಮ್ಮ ಪೇಟೆಯವರಿಗೆ ನಮಸ್ಕಾರ

ಪೇಟೆಯ ಚರಂಡಿ, ಅದರ ಕೆಳಗಿನ ಮದಕ (ಮಳೆನೀರು ನಿಲ್ಲಿಸುವ ಕೆರೆ) ಎರಡೂ ಒಂದು ಪೂರ್ತಿ ಮಳೆಗಾಲ ಕಂಡವು. ಕರ್ಕಾಟಕ ತಿಂಗಳ ಮಳೆಗೂ ಬಸ್‌ಸ್ಟ್ಯಾಂಡಿನ ಎದುರು ಈ ಸಲ ನೀರು ನಿಲ್ಲಲಿಲ್ಲ. ಕೆಲಸ ಎಲ್ಲಿ ಶುರುವಾಯಿತು, ಎಷ್ಟು ಸಲ ನಿಂತಿತು ಎಂಬುದು ಇಲ್ಲಿಯವರಿಗೆಲ್ಲ ಗೊತ್ತಿರುವ ಸಂಗತಿ. ಕೈಕೊಟ್ಟು ನಡೆಸಿದವರನ್ನು ನೆನೆಯಲು ಕೆಲಸ ನಡೆಸಿದ ಊರವರ ಫಲಾನುಭವಿ ಸಮಿತಿಯ ಪರವಾಗಿ ಇದನ್ನು ಬರೆಯುತ್ತಿದ್ದೇವೆ.

ಮೊದಲ ನಮಸ್ಕಾರ ಕುಟುಂಬಶ್ರೀ ಅಯಲ್ಕೂಟದ (ಹೆಂಗಸರ ನೆರೆಮನೆ ಕೂಟ) ಅಕ್ಕಂದಿರಿಗೆ. ವಾರ್ಡಿನ ಮತದಾರರಲ್ಲಿ ನೂರಕ್ಕೆ 10 ಮಂದಿ ಬಾರದಿದ್ದರೆ ಗ್ರಾಮಸಭೆಗೆ ಕೋರಂ ಇಲ್ಲ, ಕೋರಂ ಇಲ್ಲದಿದ್ದರೆ ನಮ್ಮ ಬೇಡಿಕೆ ಪಟ್ಟಿಗೇ ಏರುವುದಿಲ್ಲ. ಅಡಿಕೆ ಸುಲಿಯುವ ದಿನಗಳಲ್ಲಿ ಮನೆಮನೆಗೆ ಹೋಗಿ ಜನ ಕರೆತಂದವರು ಅವರು. ವಾರ್ಡ್ ಮೆಂಬರ್, ಪಂಚಾಯತು ಕಚೇರಿಯವರು, ಅಂಗಡಿಯ ಮೆಟ್ಟಿಲನ್ನು ತಾವೇ ಒಡೆದು ಒಂದೂವರೆ ಅಡಿ ಹಿಂದೆ ಸರಿದ ವ್ಯಾಪಾರಿಗಳು, ಮದಕದ ಹೂಳನ್ನು ತಮ್ಮ ಪಿಕಪ್‌ನಲ್ಲಿ ತೋಟಗಳಿಗೆ ಸಾಗಿಸಿದವರು, ಪ್ಲಾಸ್ಟಿಕ್ ಚರಂಡಿಗೆ ಬೀಳದಂತೆ ನೋಡಿಕೊಂಡ, ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರು, ಎಲ್ಲರಿಗೂ ಕೃತಜ್ಞತೆ.

ವಾಚನಾಲಯದ ಟೀಚರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಕನ್ನಡದಲ್ಲಿ ಅರ್ಜಿ ಬರೆಯುವ ಹಕ್ಕನ್ನು ಕೇರಳದ 1969ರ ಭಾಷಾ ಕಾನೂನು ನಮಗೆ ಕೊಟ್ಟಿದೆ, ಆದರೆ ಎಸ್ಟಿಮೇಟು, ಯೋಜನೆಯ ನಮೂನೆ ಎಲ್ಲ ನಮ್ಮ ಕೈಗೆ ಬಂದದ್ದು ಮಲಯಾಳದಲ್ಲಿ. ಅಲ್ಲಿ ‘ಪದ್ಧತಿ’ ಎಂದರೆ ಯೋಜನೆ, ‘ವಿಹಿತಂ’ ಎಂದರೆ ಪಾಲಿನ ಹಣ. ನಮ್ಮಲ್ಲಿ ಕೆಲವರು ಅದನ್ನು ಕನ್ನಡದ ಪದ್ಧತಿ, ವಿಹಿತ ಎಂದೇ ಓದಿ ತಲೆದೂಗಿದ್ದರು. ಟೀಚರು ಒಂದೊಂದು ಐಟಮನ್ನೂ ಕನ್ನಡದಲ್ಲಿ ಬರೆದು, ಅಳತೆ ಮತ್ತು ದರದೊಂದಿಗೆ ಗೋಡೆಗೆ ಅಂಟಿಸಿದರು. ಸಿಮೆಂಟು ಎಷ್ಟು, ಕಂಬಿ ಎಷ್ಟು ಎಂದು ದಾರಿಹೋಕರೂ ಕೇಳತೊಡಗಿದ್ದು ಆಮೇಲೆ.

ಪಂಚಾಯತಿನ ಯೋಜನೆ ತಯಾರಿಸುವ ಕಾರ್ಯತಂಡದವರು ಕಲಿಸಿದ ಒಂದು ಪಾಠ ಬೇರೆ ವಾರ್ಡಿನವರಿಗೂ ಬೇಕಾದೀತು. ಅನುದಾನದ ಪ್ರತಿ ರೂಪಾಯಿಗೂ ಅದರದೇ ದಾರಿ ಇದೆ. 15ನೇ ಹಣಕಾಸು ಆಯೋಗದ 2021–26ರ ಅನುದಾನದಲ್ಲಿ ನೂರಕ್ಕೆ 60 ಪಾಲನ್ನು ಶುಚಿತ್ವಕ್ಕೆ, ಕುಡಿಯುವ ನೀರಿಗೆ, ಮಳೆನೀರು ಇಂಗಿಸುವ ಕೆಲಸಕ್ಕೆ ಕಟ್ಟಿಹಾಕಿದ್ದರು. ಮದಕ ಅದರಲ್ಲಿ ಸೇರಿತು, ಪೇಟೆಬದಿಯ ಚರಂಡಿ ಸೇರಲಿಲ್ಲ. ಅದಕ್ಕೆ ಪಂಚಾಯತಿನ ಯೋಜನಾ ಪಾಲು ಬೇಕಾಯಿತು. ದಂಡೆಯ ಮಣ್ಣಿನ ಕೆಲಸ ಉದ್ಯೋಗ ಖಾತರಿಗೆ ಹೋಯಿತು. ಅಲ್ಲಿ ಆಗ ನೂರಕ್ಕೆ ಕೂಲಿ 60, ಸಾಮಗ್ರಿ 40 ಎಂಬ ಲೆಕ್ಕವಿತ್ತು, ಗುತ್ತಿಗೆದಾರರಿಗೆ ಅವಕಾಶವಿರಲಿಲ್ಲ. ಮೂರನ್ನೂ ಒಂದೇ ಫೈಲಿನಲ್ಲಿ ಕೊಟ್ಟಾಗ ಅದು ತಿರುಗಿ ಬಂತು, ಮೂರು ಎಸ್ಟಿಮೇಟು ಮಾಡಿದಾಗ ಪಾಸಾಯಿತು. ಒಂದೇ ಹೂಳಿನ ಅಗೆತ ಎರಡು ಎಸ್ಟಿಮೇಟಿನಲ್ಲಿ ಬರಬಾರದು, ಬಂದರೆ ಆಡಿಟಿನಲ್ಲಿ ಸಿಕ್ಕಿಬೀಳುತ್ತದೆ. ಆದ್ದರಿಂದ ಕಲ್ಲು ನೆಟ್ಟು ಗಡಿ ಗುರುತಿಸಿದೆವು. ದಂಡೆಗೆ ಹಾಸಿದ ತೆಂಗಿನನಾರಿನ ಬಲೆ ಕೊಳೆಯುವುದರೊಳಗೆ ಹುಲ್ಲು ಬೇರು ಬಿಡಬೇಕು. ಈಗ ಬಿಟ್ಟಿದೆ.

ಇನ್ನು ಓವರ್ಸಿಯರ್ ಮಾವ. ಹೆಸರು ಹಾಕಬೇಡಿ ಎಂದು ಹೇಳಿದ್ದಾರೆ, ಹಾಕುವುದಿಲ್ಲ. ನಿವೃತ್ತರು, ಈ ಕೆಲಸದಲ್ಲಿ ಅವರಿಗೆ ಸಹಿಯೂ ಇಲ್ಲ, ಸಂಬಳವೂ ಇಲ್ಲ.

ಚರಂಡಿಯ ಇಳಿಜಾರು ಅವರ ಕೈಯದ್ದು. 200 ಮೀಟರಿಗೆ ಒಂದು ಮೀಟರ್, ಅಂದರೆ ಮೀಟರಿಗೆ ಅರ್ಧ ಸೆಂಟಿಮೀಟರ್. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿತ. ನೀರು ತುಂಬಿಸಿದ ಪಾರದರ್ಶಕ ಪೈಪಿನಲ್ಲಿ ಪ್ರತಿ 10 ಮೀಟರಿಗೆ ಮಟ್ಟ ನೋಡಿ ಗೂಟ ಹೊಡೆಸಿದರು. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಮಟ್ಟ ಸುಳ್ಳು ಹೇಳುತ್ತದೆ ಎಂದು ಪ್ರತಿ ಸಲ ಪೈಪನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಹದಿನೈದು ಮೀಟರಿಗೊಂದು ಹೂಳುಗುಂಡಿ, ಚರಂಡಿಯ ತಳಕ್ಕಿಂತ 30 ಸೆಂಟಿಮೀಟರ್ ಆಳ. ನಮ್ಮ ಕೆಂಪು ಮಣ್ಣು ಮಳೆಗೆ ಕರಗಿ ಬರುತ್ತದೆ. ಅದು ಗುಂಡಿಯಲ್ಲಿ ಕೂರದಿದ್ದರೆ ಇಡೀ ಚರಂಡಿಯಲ್ಲಿ ಕೂರುತ್ತದೆ. ಮೇಲಿನ ಸ್ಲಾಬನ್ನು ಒಂದೇ ಉದ್ದಕ್ಕೆ ಎರಕ ಹೊಯ್ಯಲು ಬಿಡಲಿಲ್ಲ. ಹಾಗೆ ಮಾಡಿದರೆ ಒಳಗೆ ಕಟ್ಟಿಕೊಂಡಾಗ ಒಡೆಯುವುದೇ ಗತಿ. 90 ಸೆಂಟಿಮೀಟರ್ ಉದ್ದ, 50 ಅಗಲ, 10 ದಪ್ಪದ ಬಿಡಿ ಸ್ಲಾಬುಗಳು, ಒಂದಕ್ಕೆ ಸುಮಾರು 110 ಕಿಲೊ, ಕೊಕ್ಕೆ ಹಾಕಿದರೆ ನಾಲ್ಕು ಜನ ಎತ್ತಬಹುದು. ಒದ್ದೆ ಗೋಣಿ ಹೊದಿಸಿ 14 ದಿನ ನೀರುಣಿಸಿದ ಮೇಲೆಯೇ ಮೇಲೇರಿಸಿದ್ದು.

ಮಾರ್ಚ್ ಕೊನೆಯ ಆ ರಾತ್ರಿಯನ್ನು ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಸಂಜೆ ನಮ್ಮ ಬಿಲ್ಲು ತಿರುಗಿ ಬಂತು. ಉದ್ದ 186 ಮೀಟರ್ ಎಂದು ಬರೆದಿದ್ದೆವು, ರಸ್ತೆಯಡಿಯ ಎರಡು ಹಳೆಯ ಮೋರಿಗಳನ್ನು ಕಳೆದಿರಲಿಲ್ಲ. ಅಡಿಪಾಯದ ಕಾಂಕ್ರೀಟಿನ ಅಳತೆಯೂ ಇರಲಿಲ್ಲ, ಅದರ ಮೇಲೆ ಕಲ್ಲು ಕಟ್ಟಿ ಆಗಿತ್ತು. ಮಾರ್ಚ್ 31 ದಾಟಿದರೆ ಕೆಲಸ ಸ್ಪಿಲ್ ಓವರ್, ಮುಂದಿನ ವರ್ಷದ ಪಾಲಿನಿಂದಲೇ ಕೊಡಬೇಕು, ಆಗ ಹೊಸ ಕೆಲಸವಿಲ್ಲ. ಕೂಲಿ ಕೊಡಲು ನಮ್ಮ ಸಮಿತಿಯ ಒಬ್ಬ ಅಕ್ಕ ಬಳೆ ಅಡವಿಟ್ಟಿದ್ದರು. ಅದು ಮೂವರಿಗೆ ಮಾತ್ರ ಗೊತ್ತಿತ್ತು. ಆ ಸಂಜೆ ಅವರು ಎಲ್ಲರೆದುರು ಅತ್ತರು. ನಾವು ಯಾರೂ ಏನೂ ಹೇಳಲಾಗದೆ ಕೂತೆವು.

“ಬಳೆ ಬರ್ತದೆ ಮಗಳೇ. ಮೊದಲು ಟೇಪು ಹಿಡಿ,” ಎಂದರು ಮಾವ.

ರಾತ್ರಿ ಒಂಬತ್ತಕ್ಕೆ ಬಸ್‌ಸ್ಟ್ಯಾಂಡಿನಿಂದ ಶುರು. ಒಬ್ಬರು ಟಾರ್ಚು, ಒಬ್ಬರು ಸೊನ್ನೆಯ ತುದಿ, ಒಬ್ಬರು ಬರೆಯಲು. ಟೇಪು ಜೋಲಬಾರದೆಂದು ಹತ್ತತ್ತು ಮೀಟರಿಗೆ ಸುಣ್ಣದ ಗೆರೆ. ಮೋರಿ ಕಳೆದು 178 ಮೀಟರ್ ಬಂತು. ಅಷ್ಟಕ್ಕೇ ಬಿಡದೆ ಸ್ಲಾಬುಗಳನ್ನು ಎಣಿಸಿದರು: 356, ಅರ್ಧ ಮೀಟರಿಗೊಂದು, ಲೆಕ್ಕ ತಾಳೆಯಾಯಿತು. ಅಡಿಪಾಯಕ್ಕೆ ದಾರಿ ಸಿಕ್ಕಿದ್ದು ಮೇಸ್ತ್ರಿಯ ಮೊಬೈಲಿನಲ್ಲಿ. ಕಲ್ಲು ಕಟ್ಟುವ ಮೊದಲು ತೆಗೆದ ಫೋಟೊಗಳು, ಪ್ರತಿಯೊಂದರಲ್ಲೂ ಟೇಪು ಇಟ್ಟು ತೆಗೆದದ್ದು. ಹಾಗೆ ತೆಗೆಯಲು ತಿಂಗಳ ಹಿಂದೆಯೇ ಹೇಳಿಕೊಟ್ಟಿದ್ದವರು ಮಾವನೇ. ಮೇಸ್ತ್ರಿಗೂ ನಮ್ಮ ನಮಸ್ಕಾರ. ನಾಲ್ಕು ಗಂಟೆಗೆ ಶುದ್ಧಪ್ರತಿ ಮುಗಿಯಿತು. ಬೆಳಿಗ್ಗೆ ಎಂಜಿನಿಯರರು ಬಂದು ಅಲ್ಲಲ್ಲಿ ತಾವೇ ಅಳೆದು, ಎರಡು ಕಡೆ ತಳ ಅಗೆಸಿ ನೋಡಿ, ಎಂ ಬುಕ್ಕಿನಲ್ಲಿ (ಕಚೇರಿಯ ಅಧಿಕೃತ ಅಳತೆ ಪುಸ್ತಕ) ದಾಖಲಿಸಿದರು. ಬಿಲ್ಲು ಅಂದೇ ಹೋಯಿತು.

ಬಳೆ ವಿಷುವಿಗೆ ಮನೆಗೆ ಬಂತು.

ಮೂರೂ ಎಸ್ಟಿಮೇಟುಗಳ ಕನ್ನಡ ಪ್ರತಿ, ಆ ರಾತ್ರಿಯ ಅಳತೆ ಪುಸ್ತಕ ವಾಚನಾಲಯದಲ್ಲಿವೆ. ಯಾವ ವಾರ್ಡಿನವರೂ ಬಂದು ನೋಡಿ ಬರೆದುಕೊಳ್ಳಬಹುದು. ಸ್ಲಾಬ್ ಎತ್ತುವ ಕೊಕ್ಕೆಗಳು ಹಾಲಿನ ಸೊಸೈಟಿಯ ಬಾಗಿಲ ಹಿಂದೆ ನೇತಿವೆ. ಮೇ ತಿಂಗಳ ಎರಡನೇ ಆದಿತ್ಯವಾರ ಬೆಳಿಗ್ಗೆ ಏಳಕ್ಕೆ ಹೂಳುಗುಂಡಿ ಖಾಲಿ ಮಾಡುವುದಿದೆ, ಗುಂಡಿಗೆ ನಾಲ್ವರಂತೆ ಬೇಕು. ಮಾವ ಬರುತ್ತಾರೆ, ನೀರಿನ ಪೈಪನ್ನೂ ತರುತ್ತಾರಂತೆ.