ಮೀಸಲು, ಮುಡಿಪು ಮತ್ತು ನಿನ್ನ ಪವಿತ್ರೀಕರಣ

ಮಧುಗಿರಿ
ಭಾನುವಾರ

ಪುಟ್ಟೀ,

ನಿನ್ನೆ ಫೋನಲ್ಲಿ ನೀನು ಓದಿದ ಸಾಲು ಕೇಳಿ ನಕ್ಕುಬಿಟ್ಟೆ, ಬೇಜಾರು ಮಾಡ್ಕೋಬೇಡ. 'ಆಕೆ ರೋಗಿಗಳ ಸೇವೆಗೆ ತನ್ನ ಜೀವನವನ್ನು ಪವಿತ್ರೀಕರಿಸಿದಳು' ಅಂದರೆ ಆಯಮ್ಮ ಪಂಚಗವ್ಯ ಕುಡಿದು ಕೂತ ಹಾಗಿದೆ. ಇಂಗ್ಲಿಷಿನಲ್ಲಿ 'ಕಾನ್ಸಿಕ್ರೇಟ್' ಅಂತಿತ್ತು, ಡಿಕ್ಷನರಿ ನೋಡಿ ಬರೆದೆ ಅಂದೆ. ಡಿಕ್ಷನರಿಯದು ತಪ್ಪಿಲ್ಲ ಬಿಡು. ಆದರೆ ಅಲ್ಲಿಗೆ ಬೇಕಾದ ಮಾತು ನಿಮ್ಮ ಅಜ್ಜಿಯ ಅಡುಗೆಮನೆಯಲ್ಲೇ ಇತ್ತು. ಆಗ ಹೇಳೋಣ ಅಂದರೆ ಕುಕ್ಕರ್ ಕೂಗಿತು. ಅದಕ್ಕೇ ಈ ಕಾಗದ.

'ಪವಿತ್ರ' ಸಂಸ್ಕೃತದ್ದು. 'ಪೂ' ಅನ್ನುವ ಬೇರಿನಿಂದ ಬಂದದ್ದು, ಶುಚಿ ಮಾಡು ಅಂತ ಅರ್ಥ. ವೇದದ ಕಾಲದಲ್ಲಿ ಸೋಮರಸ ಸೋಸುತ್ತಿದ್ದ ಉಣ್ಣೆಯ ಜಾಲರಿಗೂ ಪವಿತ್ರ ಅಂತಲೇ ಹೆಸರು. ತಿಥಿಯಲ್ಲಿ ಬೆರಳಿಗೆ ಹಾಕುವ ದರ್ಭೆಯ ಉಂಗುರವೂ ಪವಿತ್ರವೇ. ಹದಿನೆಂಟು ವರ್ಷ ಡೈರಿಯಲ್ಲಿ ಕ್ಯಾನಿನ ಬಾಯಿಗೆ ಬಟ್ಟೆ ಹಿಡಿದು ಹಾಲು ಸೋಸಿದವಳು ನಾನು. ನನ್ನ ಕೈಲಿದ್ದದ್ದು ಪವಿತ್ರ ಅಂತ ಒಬ್ಬರೂ ಹೇಳಲಿಲ್ಲ ನೋಡು.

ನಮ್ಮ ಮಾತು 'ಮೀಸಲು'. ಎಮ್ಮೆ ಈದಾಗ ಗಿಣ್ಣು ಮನೆಮಂದಿಗೆಲ್ಲ ಸಿಗುತ್ತಿತ್ತು. ಆಮೇಲಿನ ಹಾಲನ್ನು ಮಾತ್ರ ಅಜ್ಜಿ ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದರ ಮೊಸರು ಬೇರೆ, ಬೆಣ್ಣೆ ಬೇರೆ. ಆ ತುಪ್ಪ ದೇವರ ದೀಪಕ್ಕೆ ಹೋಗುವ ತನಕ ಯಾರೂ ನಾಲಿಗೆಗೆ ಹಚ್ಚುವಂತಿಲ್ಲ. ಡೈರಿಗೂ ಹಾಕುವಂತಿಲ್ಲ, ನನಗೆ ಬಟವಾಡೆ ಕಮ್ಮಿಯಾದರೂ! ಶಿರಾ ಕಡೆ ಕಾಡುಗೊಲ್ಲರು ತಮ್ಮ ದೇವರು ಜುಂಜಪ್ಪನಿಗೆ ಹಾಲು ಮೀಸಲಿಡುವುದೂ ಹೀಗೇ. ಇದರಲ್ಲಿ ಮಂತ್ರವಿಲ್ಲ, ನೀರು ಚಿಮುಕಿಸುವುದಿಲ್ಲ. ಯಾರೂ ಮುಟ್ಟದೆ ಬಿಟ್ಟರೆ ಆಯಿತು, ಅದು ದೇವರದು. ಮೀಸಲಿಗೆ ಎದುರು ಮಾತು ಕೊಳೆ ಅಲ್ಲ ಕಣೇ, ಎಂಜಲು. ದೇವರು ಉಂಡ ಮೇಲೆ ಮೀಸಲು ಮುರಿದು ನಾವೂ ತಿನ್ನಬಹುದು.

ಈ ದೇವರಮನೆಯ ಮಾತು ಈಗ ಬೀದಿಗೂ ಬಂದಿದೆ. ನಮ್ಮ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲು 2007ರಿಂದ ಕೃಷ್ಣಮೃಗಗಳಿಗೆ ಮೀಸಲು, 798 ಎಕರೆ. ಬಸ್ಸಿನ ಸೀಟಿನ ಮೇಲೆ 'ಮಹಿಳೆಯರಿಗೆ ಮೀಸಲು' ಅಂತ ಬರೆದಿರುತ್ತೆ, ಅದರ ಕೆಳಗೆ ಗಂಡಸರು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿರುತ್ತಾರೆ. ಪಕ್ಕದ ಕೊರಟಗೆರೆ, ಆ ಕಡೆ ಪಾವಗಡ, ಎರಡೂ ಮೀಸಲು ಕ್ಷೇತ್ರ. ನನಗೆ ಇಷ್ಟವಾಗುವುದು ಇದೇ. 'ಮಡಿ'ಯೂ ಅದೇ ಅಡುಗೆಮನೆಯದು. ಒಗೆದ ಬಟ್ಟೆ ಅನ್ನುವಷ್ಟೇ ಅರ್ಥದಲ್ಲಿ ಉಳಿದಿದ್ದರೆ ಒಳ್ಳೆಯ ಮಾತು, ಬಟ್ಟೆ ಒಗೆಯುವವರಿಗೆ ಮಡಿವಾಳರು ಅಂತ ಹೆಸರು ಬಂದದ್ದೇ ಅದರಿಂದ. ಆದರೆ ಮಡಿ ಅಂದುಕೊಂಡು ಎಷ್ಟು ಜನರನ್ನು ಬಾಗಿಲ ಆಚೆ ನಿಲ್ಲಿಸಿದೆವು! ಆಚೆ ನಿಂತವರಿಗೆ ಜಾಗ ಕೊಡುವಾಗ ಸರ್ಕಾರ ಎತ್ತಿಕೊಂಡದ್ದು ದೇವರಿಗೆ ಇಡುವ ಮಾತನ್ನು. ಅಜ್ಜಿಗೆ ಇದನ್ನು ಹೇಳಿದ್ದರೆ ಒಂದು ದಿನ ಮಾತು ಬಿಡುತ್ತಿದ್ದಳು.

ಆದರೆ ನಿನ್ನ ಸಾಲಿಗೆ ಮೀಸಲೂ ಸಾಲದು. ದುಡ್ಡು, ಜಾಗ, ವಾರದಲ್ಲೊಂದು ದಿನ, ಇವನ್ನು ಮೀಸಲಿಡುತ್ತೇವೆ. ಬಾಳನ್ನಾದರೆ ಮುಡಿಪಾಗಿಡುತ್ತೇವೆ. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ, 111ನೇ ವಯಸ್ಸಿನಲ್ಲಿ ತೀರಿಕೊಂಡಾಗ ಊರೂರಲ್ಲಿ ಜನ ಅಂದದ್ದು ಅದೇ: ದಾಸೋಹಕ್ಕೆ, ಮಕ್ಕಳ ಓದಿಗೆ ಬಾಳನ್ನೇ ಮುಡಿಪಾಗಿಟ್ಟರು ಅಂತ. ಮೀಸಲನ್ನು ಮುರಿಯಬಹುದು. ಮುಡಿಪು ಗಂಟು ಕಟ್ಟಿದ ಮೇಲೆ ನಮ್ಮದಲ್ಲ.

ಹೀಗೆ ಹೇಳುವವಳು ನಾನೇ ಒಂದು ಸಲ ಗಂಟು ಬಿಚ್ಚಿದ್ದೇನೆ. ನಿನಗೆ ಮೂರು ವರ್ಷವಿದ್ದಾಗ ಜ್ವರ ಇಳಿಯಲೇ ಇಲ್ಲ. ಅರಿಶಿನದ ಬಟ್ಟೆಯಲ್ಲಿ ನೂರೊಂದು ರೂಪಾಯಿ ಕಟ್ಟಿ ತಿಮ್ಮಪ್ಪನಿಗೆ ಮುಡಿಪು ಅಂದೆ. ವರ್ಷವರ್ಷ ಅದಕ್ಕೆ ಒಂದಿಷ್ಟು ಸೇರಿಸುತ್ತಾ ಬಂದೆ. ನಿನ್ನ ಪಿಯುಸಿ ಫೀಸಿಗೆ ದುಡ್ಡು ಹೊಂದದೇ ಹೋದಾಗ ಅದಕ್ಕೇ ಕೈ ಹಾಕಿದೆ. ಆರು ತಿಂಗಳಿಗೆ ವಾಪಸ್ ಕಟ್ಟಿದೆ, ಬಡ್ಡಿ ಸೇರಿಸಿ. ಅವನೋ ವಡ್ಡಿ ಕಾಸಿನವನು, ಬಿಡುತ್ತಾನಾ? ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ.

ಆ ಸಾಲನ್ನು 'ರೋಗಿಗಳ ಸೇವೆಗೆ ಬಾಳನ್ನೇ ಮುಡಿಪಾಗಿಟ್ಟಳು' ಅಂತ ತಿದ್ದು. 'ತನ್ನ' ಬೇಡ, ಸುಮ್ನೆ ಭಾರ.

ಮುಂದಿನ ತಿಂಗಳು ರಜ ಸಿಕ್ಕರೆ ತಿರುಪತಿಗೆ ಹೋಗಿಬರೋಣ. ಬರುವಾಗ ಒಂದು ಗಜ ಬಿಳಿ ಬಟ್ಟೆ ತಾ, ಅರಿಶಿನದಲ್ಲಿ ನಾನೇ ಅದ್ದುತ್ತೇನೆ. ಹಳೇ ಗಂಟಿನ ಮೂಲೆಯನ್ನು ಇಲಿ ಕಡಿದಿದೆ. ಅದು ಎಂಜಲಿನ ಲೆಕ್ಕವೋ ಅಲ್ಲವೋ, ಪೂಜಾರಪ್ಪನನ್ನು ಕೇಳಬೇಕು. ದುಡ್ಡು ಎಣಿಸಿದೆ, ಸರಿಯಾಗಿದೆ.

ನಿನ್ನ
ಅಮ್ಮ