ವಿಚಿತ್ರ ಭೂಸದೃಶ ಗ್ರಹ ಸಿಕ್ಕವರ ಗಮನಕ್ಕೆ

ಗೆಳೆಯರೇ, ನೌಕೆಯಲ್ಲಿ ಬಾಹ್ಯಾಕಾಶ ಸುತ್ತುವ ಎಲೀಟ್ ಡೇಂಜರಸ್ ಎಂಬ ಕಂಪ್ಯೂಟರ್ ಆಟದಲ್ಲಿ ನಿನ್ನೆ ನನಗೆ ಭೂಮಿಯಂಥ ಒಂದು ಗ್ರಹ ಸಿಕ್ಕಿತು. ನಿಜಕ್ಕೂ ಅದು ಅನಿಲ ದೈತ್ಯವೊಂದರ, ಅಂದರೆ ಗುರುವಿನಂಥ ಬೃಹತ್ ಅನಿಲ ಗ್ರಹವೊಂದರ ಚಂದ್ರ. ನೀಲಿ ಕಡಲು, ಬಿಳಿ ಮೋಡ, ಹಿಂದೆ ಆಕಾಶವನ್ನೇ ತುಂಬಿದ ಪಟ್ಟೆಪಟ್ಟೆಯ ಗೋಳ! ಅರ್ಧ ಗಂಟೆ ನೌಕೆಯನ್ನು ಅಲ್ಲೇ ನಿಲ್ಲಿಸಿ ನೋಡುತ್ತಿದ್ದೆ. ಭೂಸದೃಶ ಗ್ರಹಗಳ ಮೇಲೆ ಇಳಿಯಲು ಆಟ ಇನ್ನೂ ಬಿಡುವುದಿಲ್ಲ ಎಂಬುದೊಂದೇ ಸಂಕಟ.

ನಿಮಗೂ ಇಂಥ ಗ್ರಹ ಸಿಕ್ಕರೆ, ಇನ್ನು ಮುಂದೆ ನಮ್ಮ ಈ ಗುಂಪಿನಲ್ಲಿ ಬರಿಯ ಚಿತ್ರ ಹಾಕಬೇಡಿ. ನಕ್ಷತ್ರ ವ್ಯವಸ್ಥೆಯ ಪೂರ್ಣ ಹೆಸರು, ನಕ್ಷತ್ರದ ವರ್ಗ, ಗುರುತ್ವ, ತಾಪಮಾನ ಬರೆಯಿರಿ. ಆಟದಲ್ಲಿರುವ ಸುಮಾರು 40,000 ಕೋಟಿ ವ್ಯವಸ್ಥೆಗಳ ನಡುವೆ ಹೆಸರು ಕಳೆದುಕೊಂಡ ಗ್ರಹ ಮತ್ತೆ ಸಿಗುವುದಿಲ್ಲ. ಗ್ರಹಕ್ಕೆ ಶನಿಯಂತೆ ಬಳೆಗಳಿದ್ದರೆ, ಅಥವಾ ಅದರ ಒಂದೇ ಮುಖ ಸದಾ ನಕ್ಷತ್ರದ ಕಡೆಗಿದ್ದರೆ, ಮೊದಲ ಸಾಲಿನಲ್ಲೇ ಹೇಳಿ. ಅಂಥವೇ ನಮಗೆ ಬೇಕಾದವು.

ಮುಖ್ಯವಾದ ಮಾತು: ಶೋಧದ ದತ್ತಾಂಶವನ್ನು ಆಟದೊಳಗಿನ ನಿಲ್ದಾಣಕ್ಕೆ ತಂದು ಮಾರುವವರೆಗೂ ಮೊದಲ ಶೋಧಕರಾಗಿ ನಿಮ್ಮ ಹೆಸರು ದಾಖಲಾಗುವುದಿಲ್ಲ. ಅಷ್ಟರಲ್ಲಿ ನೌಕೆ ನಾಶವಾದರೆ ಎಲ್ಲವೂ ಹೋಯಿತು. ವಾರಗಟ್ಟಲೆ ಅಲೆದು ಮರಳುವವರು ನಿಲ್ದಾಣದ ಹತ್ತಿರ ಬಂದಾಗ ದಯವಿಟ್ಟು ಆತುರಪಡಬೇಡಿ.