ಆ ಮಾತ್ರೆ ನಮಗೂ ಬೇಕು

ಮಾನ್ಯರೇ,

ನಮ್ಮ ಜಿಲ್ಲೆಯಲ್ಲಿ ಹೆಣ್ಣು ಭ್ರೂಣಹತ್ಯೆಯ ಸುದ್ದಿ ಬಂದಾಗಲೆಲ್ಲ ‘ಗರ್ಭಪಾತವನ್ನೇ ನಿಷೇಧಿಸಿ’ ಎಂಬ ಕೂಗು ಏಳುತ್ತದೆ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಲಿಂಗ ಪತ್ತೆ ಮಾಡುತ್ತಿದ್ದುದು ಬಯಲಾದಾಗ ನನಗೂ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಹೆಣ್ಣೆಂದು ತಿಳಿದು ತೆಗೆಸುವವರಿಗೂ ತೆಗೆಯುವವರಿಗೂ ಶಿಕ್ಷೆಯಾಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಬಿಗಿಯ ಪೆಟ್ಟು ಯಾರ್‍ಯಾರಿಗೆ ತಗಲುತ್ತದೆ ಎಂಬುದನ್ನು, ಒಂದು ಮಗುವಿಗಾಗಿ ಹನ್ನೊಂದು ವರ್ಷದಿಂದ ಕಾಯುತ್ತಿರುವ ನಾನು ಹೇಳಬೇಕಾಗಿದೆ.

ಮೈಸೂರಿನಲ್ಲಿ ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿಕೊಳ್ಳುತ್ತಿದ್ದೇನೆ. ಎರಡನೇ ಸಲ ಗರ್ಭ ನಿಂತಿತು. ಎಂಟನೇ ವಾರದ ಸ್ಕ್ಯಾನಿಂಗ್‌ನಲ್ಲಿ ಡಾಕ್ಟರಮ್ಮ ತುಂಬಾ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, ‘ಹಾರ್ಟ್‌ಬೀಟ್ ಇಲ್ಲಮ್ಮ’ ಎಂದರು. ಒಂದು ವಾರ ಕಾದು ಮತ್ತೆ ನೋಡಿದರು, ಇರಲಿಲ್ಲ. ಒಳಗೆ ಹಾಗೇ ಉಳಿದರೆ ನಂಜಾಗಬಹುದು, ಗರ್ಭಕೋಶಕ್ಕೆ ಪೆಟ್ಟಾದರೆ ಮುಂದಿನ ಪ್ರಯತ್ನವೂ ಕಷ್ಟ ಎಂದು ಮಾತ್ರೆ ಬರೆದುಕೊಟ್ಟರು. ನಮ್ಮ ಯಜಮಾನರು ಆ ಚೀಟಿ ಹಿಡಿದು ಮಂಡ್ಯದಲ್ಲಿ ಮೂರು ಮೆಡಿಕಲ್ ಶಾಪ್ ಸುತ್ತಿದರು. ‘ಅದನ್ನೆಲ್ಲ ನಾವು ಇಡೋದೇ ಇಲ್ಲ ಸಾರ್, ರಿಸ್ಕು’ ಎಂಬುದೇ ಉತ್ತರ. ಮೂರನೆಯವನು ಚೀಟಿ ನೋಡಿ ತಲೆಯೆತ್ತಿ, ‘ಹೆಣ್ಣಾ?’ ಎಂದು ಕೇಳಿದನಂತೆ. ಮನೆಗೆ ಬಂದು ಚಪ್ಪಲಿ ಬಿಡದೆ ಜಗುಲಿಯ ಮೇಲೆ ಕೂತುಬಿಟ್ಟರು. ಮರುದಿನ ರಕ್ತಸ್ರಾವ ಶುರುವಾಗಿ, ಬಸ್ಸಿನಲ್ಲಿ ಮತ್ತೆ ಮೈಸೂರಿಗೆ ಓಡಿದೆವು.

ಗರ್ಭ ತೆಗೆಸಲು ಬಳಸುವ ಮಾತ್ರೆಯೂ ಅದೇ, ತಾನಾಗಿ ಹೋದ ಗರ್ಭವನ್ನು ಹೊರಹಾಕುವ ಮಾತ್ರೆಯೂ ಅದೇ. ಗರ್ಭಕೋಶವನ್ನು ಸ್ವಚ್ಛ ಮಾಡುವ ಡಿ ಅಂಡ್ ಸಿ ಕೂಡ ಅಷ್ಟೇ. ಗರ್ಭಕೋಶದ ಬದಲು ನಾಳದಲ್ಲೇ ಗರ್ಭ ನಿಲ್ಲುವ ನಾಳ ಗರ್ಭವಾದರಂತೂ ತಡಮಾಡಿದರೆ ತಾಯಿಯ ಜೀವಕ್ಕೇ ಅಪಾಯ. ಐವಿಎಫ್‌ನಲ್ಲಿ ಇವೆಲ್ಲ ಆಗುವಂಥವೇ. ಒಂದನ್ನು ಹೆದರಿಕೆಯ ವಸ್ತು ಮಾಡಿದರೆ ಇನ್ನೊಂದೂ ಕೈಗೆ ಸಿಗದು.

ಇನ್ನೂ ಮುಂದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕ ಇದೆ. 2022ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತಕ್ಕಿದ್ದ ಸಂವಿಧಾನದ ಹಕ್ಕನ್ನು ತೆಗೆದುಹಾಕಿತು. ಎರಡು ವರ್ಷ ತುಂಬುವ ಮೊದಲೇ, 2024ರ ಫೆಬ್ರುವರಿಯಲ್ಲಿ ಅಲಬಾಮಾ ರಾಜ್ಯದ ಸುಪ್ರೀಂ ಕೋರ್ಟ್, ಐವಿಎಫ್ ಲ್ಯಾಬಿನಲ್ಲಿ ಬೆಳೆಸಿ ಟ್ಯಾಂಕಿನಲ್ಲಿ ಫ್ರೀಜ್ ಮಾಡಿಟ್ಟ ಎಂಬ್ರಿಯೋಗಳೂ (ಎಳೆ ಭ್ರೂಣಗಳೂ) ಮಕ್ಕಳೇ ಎಂದಿತು. ಆಸ್ಪತ್ರೆಯ ರೋಗಿಯೊಬ್ಬ ಅವುಗಳನ್ನು ಇಟ್ಟಿದ್ದ ಕೋಣೆಗೆ ನುಗ್ಗಿ ಕೈಗೆತ್ತಿಕೊಂಡು, ಚಳಿಗೆ ಕೈ ಸುಟ್ಟು ಕೆಳಗೆ ಬೀಳಿಸಿದ ಪ್ರಕರಣವದು. ಕಳೆದುಕೊಂಡ ದಂಪತಿಗಳ ನೋವು ನನಗೆ ಅರ್ಥವಾಗುತ್ತದೆ. ಆದರೆ ತೀರ್ಪು ಬಂದ ಕೂಡಲೇ ಅಲ್ಲಿನ ದೊಡ್ಡ ಆಸ್ಪತ್ರೆಗಳೇ ಐವಿಎಫ್ ನಿಲ್ಲಿಸಿದವು. ಒಂದು ಎಂಬ್ರಿಯೋ ಉಳಿಯದಿದ್ದರೂ ಕೇಸು ಬಿದ್ದೀತೆಂದರೆ ಯಾವ ಡಾಕ್ಟರು ಕೈ ಹಾಕುತ್ತಾರೆ? ಇಂಜೆಕ್ಷನ್ ಚುಚ್ಚಿಸಿಕೊಂಡು ದಿನ ಎಣಿಸುತ್ತಿದ್ದ ಹೆಂಗಸರು ನಡುದಾರಿಯಲ್ಲಿ ನಿಂತರು. ಕೊನೆಗೆ ಮಾರ್ಚ್‌ನಲ್ಲಿ ಆಸ್ಪತ್ರೆಗಳಿಗೆ ರಕ್ಷಣೆ ಕೊಡುವ ಬೇರೆ ಕಾನೂನನ್ನೇ ತರಬೇಕಾಯಿತು.

ನಮ್ಮಲ್ಲಿ ಗರ್ಭಪಾತಕ್ಕೆ 1971ರ ಕಾನೂನಿದೆ, 2021ರಲ್ಲಿ ತಿದ್ದುಪಡಿಯಾಗಿ ಕೆಲವು ಸಂದರ್ಭಗಳಲ್ಲಿ 24 ವಾರದವರೆಗೂ ಅವಕಾಶ ಕೊಟ್ಟಿದೆ. ಲಿಂಗ ಪತ್ತೆ ತಡೆಯಲು 1994ರ ಪ್ರತ್ಯೇಕ ಕಾಯ್ದೆಯೇ ಇದೆ. ಬಳಸದೆ ಉಳಿದ ಎಂಬ್ರಿಯೋಗಳನ್ನು ಹತ್ತು ವರ್ಷದವರೆಗೆ ಇಡಬಹುದೆಂದು 2021ರ ಇನ್ನೊಂದು ಕಾಯ್ದೆ ಹೇಳುತ್ತದೆ. ಕಾನೂನು ಸರಿಯಾಗಿಯೇ ಇದೆ, ಎಡವಿರುವುದು ನಮ್ಮ ಮಾತು. ಗಾಜಿನ ತಟ್ಟೆಯಲ್ಲಿ ಐದು ದಿನ ಬೆಳೆದ, ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಜೀವಕೋಶಗಳ ಗುಂಪಿಗೂ ಭ್ರೂಣವೆನ್ನುತ್ತೇವೆ, ಹೊಟ್ಟೆಯೊಳಗಿನ ಐದು ತಿಂಗಳ ಕೂಸಿಗೂ ಭ್ರೂಣವೆನ್ನುತ್ತೇವೆ. ಹತ್ಯೆ ಎಂಬ ಪದ ಎರಡಕ್ಕೂ ಅಂಟಿಕೊಳ್ಳುತ್ತದೆ. ನನ್ನ ಒಂಬತ್ತು ಎಂಬ್ರಿಯೋಗಳಲ್ಲಿ ಐದು ಲ್ಯಾಬಿನಲ್ಲೇ ಬೆಳೆಯದೆ ನಿಂತುಹೋದವು. ಯಾರೂ ಕೊಂದದ್ದಲ್ಲ.

ಜಿಲ್ಲಾ ಆರೋಗ್ಯಾಧಿಕಾರಿಗಳೂ ಔಷಧ ನಿಯಂತ್ರಣ ಇಲಾಖೆಯೂ ಮೆಡಿಕಲ್ ಶಾಪ್‌ನವರನ್ನು ಕೂರಿಸಿಕೊಂಡು, ವೈದ್ಯರ ಚೀಟಿ ತಂದವರಿಗೆ ಈ ಔಷಧ ಕೊಡುವುದು ತಪ್ಪಲ್ಲ ಎಂದು ತಿಳಿಹೇಳಲಿ. ಲೆಕ್ಕ ಕೇಳಲಿ, ರಿಜಿಸ್ಟರ್ ನೋಡಲಿ, ಬೇಡವೆನ್ನುವುದಿಲ್ಲ. ಆದರೆ ಕೌಂಟರಿನ ಮುಂದೆ ನಿಂತವರ ಮಾನ ತೆಗೆಯುವುದು ಬೇಡ.

ಮೈಸೂರಿನ ಆ ಟ್ಯಾಂಕಿನಲ್ಲಿ ನಮ್ಮವು ಇನ್ನೂ ಎರಡಿವೆ. ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ನೋಡೋಣ ಎಂದಿದ್ದಾರೆ ಡಾಕ್ಟರಮ್ಮ. ಈ ಸಲವೂ ಏರುಪೇರಾದರೆ, ನಮ್ಮ ಯಜಮಾನರಿಗೆ ಆ ಪ್ರಶ್ನೆ ಯಾರೂ ಕೇಳದಿರಲಿ.

– ಓರ್ವ ಓದುಗಿ, ಮಂಡ್ಯ